14 ತುಂಬಿದವರ ನಿಯಮವನ್ನೂ ತಿಳಿಸಿ

ಮಾನ್ಯರೇ,

ದಾವಣಗೆರೆಯಲ್ಲಿ ‘ಇಲ್ಲಿ ಬಾಲಕಾರ್ಮಿಕರು ಇಲ್ಲ’ ಎಂಬ ಸ್ಟಿಕ್ಕರ್ ಅಂಟಿಸಿದರೆ ಮುಗಿಯಿತು ಎಂದುಕೊಂಡ ಮಾಲೀಕರೇ ಹೆಚ್ಚು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ 14ರಿಂದ 18 ವರ್ಷದೊಳಗಿನವರಿಗೂ ಕಟ್ಟುನಿಟ್ಟಿನ ನಿಯಮಗಳಿವೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ರಜೆಯಲ್ಲಿ ಕೆಲಸಕ್ಕೆ ಸೇರುವ ಮಕ್ಕಳಿಗೆ ಇವನ್ನು ಹೇಳುವವರೇ ಇಲ್ಲ.

ಗಣಿ, ಕಲ್ಲು ಕ್ವಾರಿ, ಇಟ್ಟಿಗೆ ಭಟ್ಟಿ, ಪಟಾಕಿ ಗೋದಾಮಿನಂಥ ಅಪಾಯದ ಕೆಲಸಕ್ಕೆ 18 ತುಂಬುವವರೆಗೆ ಸೇರಿಸಿಕೊಳ್ಳುವಂತೆಯೇ ಇಲ್ಲ. ಬೇರೆ ಕಡೆ ಬಿಡುವೂ ಸೇರಿ ದಿನಕ್ಕೆ 6 ಗಂಟೆ ಮಾತ್ರ; ಕೆಲಸಕ್ಕಾಗಿ ಕಾಯುತ್ತಾ ಕೂತ ಹೊತ್ತೂ ಅದರಲ್ಲೇ ಲೆಕ್ಕ. 3 ಗಂಟೆ ದುಡಿದ ಮೇಲೆ 1 ಗಂಟೆ ಬಿಡುವು, ವಾರಕ್ಕೊಂದು ಪೂರ್ತಿ ರಜೆ. ಓವರ್‌ಟೈಮ್ ಇಲ್ಲ. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸುವಂತಿಲ್ಲ. ಹೋಟೆಲಿನವರು ಎಡವುವುದು ಇಲ್ಲೇ. ದೋಸೆ ಹಿಟ್ಟು, ಚಟ್ನಿ, ಟೇಬಲ್ ಒರೆಸುವ ಕೆಲಸ ಬೆಳಿಗ್ಗೆ 6ಕ್ಕೇ ಶುರುವಾಗುತ್ತದೆ. 16ರ ಹುಡುಗನನ್ನು ಆ ಹೊತ್ತಿಗೆ ಕರೆದರೆ, ಸಂಬಳ ಎಷ್ಟೇ ಕೊಟ್ಟಿರಲಿ, ಅದು ಉಲ್ಲಂಘನೆ.

‘ಸಂಬಳ ಕೊಡ್ತಿಲ್ಲ, ಕೆಲಸ ಕಲಿಯೋಕೆ ಬಂದಿದಾನೆ’ ಎಂಬ ಗ್ಯಾರೇಜಿನ ಮಾತು 14 ತುಂಬದವರ ವಿಷಯದಲ್ಲಿ ನಡೆಯುವುದಿಲ್ಲ. ದುಡಿಯಲು ಬಿಟ್ಟರೂ ಅಪರಾಧವೇ: 6 ತಿಂಗಳಿಂದ 2 ವರ್ಷ ಜೈಲು, ಅಥವಾ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ಮಂಡಕ್ಕಿ ಭಟ್ಟಿಗಳಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯಿದೆ. ಅಪ್ಪ ಅಮ್ಮನ ಜೊತೆ ಮಗು ಕೈ ಹಾಕಿದರೆ ತಪ್ಪಿಲ್ಲ ಎನ್ನುತ್ತಾರೆ. ಕುಟುಂಬದ ವಿನಾಯಿತಿ ಇರುವುದು ಕುಟುಂಬದವರೇ ನಡೆಸುವ ಉದ್ಯಮಕ್ಕೆ. ಕೂಲಿಗೆ ಬಂದವರ ಮಗುವಿಗೆ ಅದು ದಕ್ಕುವುದಿಲ್ಲ. ಸ್ವಂತ ಉದ್ಯಮದಲ್ಲೂ ಶಾಲೆಯ ಸಮಯ ಬಿಟ್ಟು 3 ಗಂಟೆ ಮೀರುವಂತಿಲ್ಲ.

ಹದಿಹರೆಯದವರನ್ನು ಸೇರಿಸಿಕೊಂಡವರು 30 ದಿನದೊಳಗೆ ಕಾರ್ಮಿಕ ನಿರೀಕ್ಷಕರಿಗೆ ಲಿಖಿತ ಮಾಹಿತಿ ಕೊಡಬೇಕು. ಹೆಸರು, ಹುಟ್ಟಿದ ದಿನಾಂಕ, ಕೆಲಸದ ವೇಳೆ, ಬಿಡುವು, ಕೆಲಸದ ಬಗೆ ಬರೆದ ರಿಜಿಸ್ಟರ್ ಇಡಬೇಕು. ಅಂಕಪಟ್ಟಿಯ ಜೆರಾಕ್ಸ್ ಅದರ ಜೊತೆಗಿದ್ದರೆ ವಯಸ್ಸಿನ ತಕರಾರು ಬರುವುದಿಲ್ಲ. ಕಾಯ್ದೆಯ 3ಎ (ಅಪಾಯದ ಕೆಲಸದ ನಿಷೇಧ) ಮತ್ತು 14ನೇ (ಶಿಕ್ಷೆ) ಕಲಮುಗಳ ಸಾರಾಂಶವನ್ನು ಕನ್ನಡದಲ್ಲೂ ಗೋಡೆಗೆ ಹಾಕುವುದು ಕಡ್ಡಾಯ, ಸ್ಟಿಕ್ಕರ್ ಸಾಲದು.

ಜಿಲ್ಲಾಡಳಿತ ಈ ನಿಯಮಗಳನ್ನು ಒಂದೇ ಪುಟದಲ್ಲಿ ಅಚ್ಚು ಹಾಕಿಸಿ, ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ ಜೊತೆ ಮಕ್ಕಳಿಗೂ, ಲೈಸೆನ್ಸ್ ನವೀಕರಣದ ವೇಳೆ ಮಾಲೀಕರಿಗೂ ಕೊಡಲಿ. ದೂರಿಗೆ ಇರುವ ಮಕ್ಕಳ ಸಹಾಯವಾಣಿ 1098 ಸಂಖ್ಯೆ ಆ ಪುಟದ ಮೇಲ್ತುದಿಯಲ್ಲೇ ದಪ್ಪಕ್ಷರದಲ್ಲಿರಲಿ.

– ಕಾರ್ಮಿಕ ಕಾನೂನು ತರಬೇತುದಾರರು, ದಾವಣಗೆರೆ