ಕೊನೆಯ ಪುಟಕ್ಕೆ ಇಷ್ಟೊಂದು ಮರ್ಯಾದೆ ಯಾಕೆ?

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಥ್ರಿಲ್ಲರ್ ಕಾದಂಬರಿಯೊಂದರ ವಿಮರ್ಶೆ ಬಂದಿತ್ತು. ಕೊನೆಯಲ್ಲಿ ಬರುವ ತಿರುವನ್ನು ಯಾರೂ ಊಹಿಸಲಾರರು ಎಂದು ಅದರಲ್ಲಿ ಎರಡು ಕಡೆ ಬರೆದಿದ್ದರು. ಸರಿ, ನಾನೂ ಓದಿದೆ. ಊಹಿಸಲು ಆಗಲಿಲ್ಲ, ನಿಜ. ಆಗುವುದಾದರೂ ಹೇಗೆ? ಊಹಿಸಲು ಬೇಕಾದ ಒಂದು ಎಳೆಯನ್ನೂ ಲೇಖಕರು ಕೊಟ್ಟಿರಲಿಲ್ಲ. ಪುಸ್ತಕದ ಉದ್ದಕ್ಕೂ ಎಲ್ಲೂ ಕಾಣಿಸದ ಒಬ್ಬ ಅವಳಿ ತಮ್ಮ ಕೊನೆಗೆ ಬಾಗಿಲು ತಳ್ಳಿಕೊಂಡು ಬಂದ, ಕಥೆ ಮುಗಿಯಿತು. ವಿಮರ್ಶಕರು ಇದನ್ನೇ 'ಮಾಸ್ಟರ್ ಸ್ಟ್ರೋಕ್' ಎಂದು ಕರೆದಿದ್ದಾರೆ. ಪುಸ್ತಕದ ಹೆಸರು ನಾನು ಇಲ್ಲಿ ಹೇಳುವುದಿಲ್ಲ. ಇನ್ನೂ ಓದದವರಿಗೆ ಅದರಲ್ಲಿ ಸಿಗುವ ಸುಖವೇ ಅಷ್ಟು, ಅದನ್ನೂ ಕಿತ್ತುಕೊಳ್ಳುವುದು ಬೇಡ.

ನಾನು ಕೆಲಸದಲ್ಲಿದ್ದಾಗ ಲೆಕ್ಕ ತಪಾಸಣೆ ಮಾಡುತ್ತಿದ್ದವಳು. ಖರ್ಚು ತೋರಿಸಿದ್ದರೆ ವೋಚರ್ ಎಲ್ಲಿ ಅಂತ ಕೇಳುವುದು ಅಭ್ಯಾಸ. ನಿವೃತ್ತಿಯಾದರೂ ಆ ಚಾಳಿ ಬಿಟ್ಟಿಲ್ಲ. ಕೊನೆಯ ಅಧ್ಯಾಯದ ಪ್ರತಿ ಅಚ್ಚರಿಗೂ ಹಿಂದಿನ ಪುಟಗಳಲ್ಲಿ ಒಂದು ವೋಚರ್ ಇರಬೇಕು. ಇಲ್ಲದಿದ್ದರೆ ನಾನು ಪಾಸ್ ಮಾಡುವುದಿಲ್ಲ.

ಇದು ನನ್ನೊಬ್ಬಳ ಹಟವೂ ಅಲ್ಲ. ರೊನಾಲ್ಡ್ ನಾಕ್ಸ್ ಅಂತ ಇಂಗ್ಲೆಂಡಿನಲ್ಲಿ ಒಬ್ಬ ಪಾದ್ರಿ ಇದ್ದರು. ಪತ್ತೇದಾರಿ ಕಾದಂಬರಿಗಳನ್ನೂ ಬರೆಯುತ್ತಿದ್ದರು. 1929ರಲ್ಲಿ ಅವರು ಈ ಬಗೆಯ ಬರವಣಿಗೆಗೆ ಹತ್ತು ನಿಯಮ ಹಾಕಿದರು. ಹತ್ತನೆಯದು ಏನು ಗೊತ್ತಾ? ಓದುಗರನ್ನು ಮೊದಲೇ ತಯಾರು ಮಾಡದೆ ಅವಳಿಗಳನ್ನು ಕಥೆಯೊಳಗೆ ತರಬಾರದು! ಮರುವರ್ಷ ಲಂಡನ್ನಿನಲ್ಲಿ ಡಿಟೆಕ್ಷನ್ ಕ್ಲಬ್ ಶುರುವಾಯಿತು. ಅಗಾಥಾ ಕ್ರಿಸ್ಟಿಯಂಥವರು ಸದಸ್ಯರು. ಮುಖ್ಯವಾದ ಸುಳಿವನ್ನು ಓದುಗರಿಂದ ಮುಚ್ಚಿಡುವುದಿಲ್ಲ ಅಂತ ಅವರೆಲ್ಲ ಪ್ರಮಾಣ ಮಾಡುತ್ತಿದ್ದರು. ತಮಾಷೆಗೇ ಮಾಡುತ್ತಿದ್ದರು ಅನ್ನಿ, ಆದರೆ ಬರೆಯುವಾಗ ನೆನಪಿಟ್ಟುಕೊಳ್ಳುತ್ತಿದ್ದರು.

ಅದು ಪತ್ತೇದಾರಿ, ಇದು ಥ್ರಿಲ್ಲರ್, ಎರಡೂ ಬೇರೆ ಅಂತ ನಿಮ್ಮ ವಿಮರ್ಶಕರು ಹೇಳಬಹುದು. ಒಪ್ಪುತ್ತೇನೆ. ಪತ್ತೇದಾರಿಯಲ್ಲಿ ಏನಾಗಿತ್ತು ಅಂತ ಹುಡುಕುತ್ತೇವೆ. ಥ್ರಿಲ್ಲರ್‌ನಲ್ಲಿ ಏನಾಗಿಬಿಡುತ್ತದೋ ಅಂತ ಹೆದರುತ್ತೇವೆ. ಹಾಗಿದ್ದ ಮೇಲೆ ಥ್ರಿಲ್ಲರ್‌ಗೆ ಕೊನೆಯ ತಿರುವಿನ ಹಂಗು ಇನ್ನೂ ಕಡಿಮೆ ಇರಬೇಕಿತ್ತು, ಅಲ್ವಾ? ಈಗ ನೋಡಿದರೆ ತಿರುವು ಇಲ್ಲದಿದ್ದರೆ ಅದು ಥ್ರಿಲ್ಲರೇ ಅಲ್ಲ ಅನ್ನುವ ಹಾಗಾಗಿದೆ.

ನಮ್ಮ ಯಜಮಾನರ ವಿಷಯ ಹೇಳಬೇಕು. ಯಾವ ಕಾದಂಬರಿ ಕೈಗೆ ಬಂದರೂ ಅವರು ಮೊದಲು ಕೊನೆಯ ನಾಲ್ಕು ಪುಟ ಓದುತ್ತಾರೆ. ಆಮೇಲೆ ಮೊದಲ ಪುಟಕ್ಕೆ ಬರುತ್ತಾರೆ. ಮದುವೆಯಾದ ಹೊಸದರಲ್ಲಿ ಇದನ್ನು ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೇಳಿದರೆ, 'ಇವನೇ ಮಾಡಿದ್ದು ಅಂತ ಗೊತ್ತಿದ್ದರೆ ಅವನು ಕೈ ತೊಳೆಯುವುದನ್ನೂ ಗಮನವಿಟ್ಟು ನೋಡ್ತೀನಿ. ನೀನು ಅದನ್ನೆಲ್ಲ ಹಾರಿಸಿಕೊಂಡು ಓಡ್ತೀಯ' ಅನ್ನುತ್ತಾರೆ. ಅರ್ಧಕ್ಕೆ ಬಿಟ್ಟ ಪುಸ್ತಕಗಳ ರಾಶಿ ನಮ್ಮ ಮನೆಯಲ್ಲಿ ದೊಡ್ಡದೇ ಇದೆ. ಅದರಲ್ಲಿ ಅವರು ಬಿಟ್ಟಿದ್ದು ಒಂದೂ ಇಲ್ಲ, ಎಲ್ಲಾ ನನ್ನವೇ.

2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕೇಂದ್ರದ ಇಬ್ಬರು ಮನಶ್ಶಾಸ್ತ್ರಜ್ಞರು, ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್, ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಸಣ್ಣಕಥೆಗಳನ್ನು ಕೆಲವರಿಗೆ ಹಾಗೇ ಓದಲು ಕೊಟ್ಟರು, ಕೆಲವರಿಗೆ ಕೊನೆ ಏನು ಅಂತ ಮೊದಲೇ ಹೇಳಿ ಕೊಟ್ಟರು. ಕೊನೆ ಗೊತ್ತಿದ್ದವರೇ ಸ್ವಲ್ಪ ಜಾಸ್ತಿ ಖುಷಿಪಟ್ಟರು. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಉಲ್ಟಾ ಫಲಿತಾಂಶವೂ ಬಂದಿದೆ. ಹಾಗಾಗಿ ಯಜಮಾನರು ಬೀಗುವಂತಿಲ್ಲ. ಆದರೂ ಕೊನೆ ಗೊತ್ತಾದ ಕೂಡಲೇ ಪುಸ್ತಕ ಸತ್ತುಹೋಗುತ್ತದೆ ಅನ್ನುವ ಮಾತು ಸುಳ್ಳು ಅನ್ನುವಷ್ಟಂತೂ ಸಾಕ್ಷಿ ಸಿಕ್ಕಿತು.

ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಫ್ರೆಡರಿಕ್ ಫೋರ್ಸೈತ್ ಅವರ 'ದಿ ಡೇ ಆಫ್ ದಿ ಜಾಕಲ್'. ಫ್ರಾನ್ಸಿನ ಅಧ್ಯಕ್ಷ ದ ಗಾಲ್ ಅವರನ್ನು 1963ರಲ್ಲಿ ಕೊಲ್ಲಲು ಬಾಡಿಗೆ ಹಂತಕನೊಬ್ಬ ಹೊರಡುತ್ತಾನೆ, ಅದೇ ಕಥೆ. ಪುಸ್ತಕ ಬಂದಿದ್ದು 1971ರಲ್ಲಿ. ದ ಗಾಲ್ ಅದರ ಹಿಂದಿನ ವರ್ಷವಷ್ಟೇ ತಮ್ಮ ಮನೆಯಲ್ಲಿ ಸಹಜವಾಗಿ ತೀರಿಕೊಂಡಿದ್ದರು. ಹಂತಕ ಸೋಲುತ್ತಾನೆ ಅಂತ ಓದುವವರಿಗೆಲ್ಲ ಮೊದಲೇ ಗೊತ್ತು. ಹಲವು ಪ್ರಕಾಶಕರು ಹಸ್ತಪ್ರತಿ ವಾಪಸ್ ಕಳಿಸಿದ್ದರು. ಕೊನೆ ಗೊತ್ತಿರುವ ಕಥೆಯನ್ನು ಯಾರು ಓದುತ್ತಾರೆ ಅನ್ನುವುದು ಅವರ ಅನುಮಾನ. ಲಕ್ಷಗಟ್ಟಲೆ ಜನ ಓದಿದರು.

ಯಾಕೆ ಓದಿದರು? ಅವನು ಏನು ಮಾಡುತ್ತಾನೆ ಅನ್ನುವುದಕ್ಕಲ್ಲ, ಹೇಗೆ ಮಾಡುತ್ತಾನೆ ಅನ್ನುವುದಕ್ಕೆ. ಚಿಕ್ಕಂದಿನಲ್ಲೇ ತೀರಿಹೋದ ಮಗುವೊಂದರ ಹೆಸರನ್ನು ಅವನು ಸ್ಮಶಾನದ ಕಲ್ಲಿನ ಮೇಲೆ ಹುಡುಕುತ್ತಾನೆ. ಆ ಮಗುವಿನ ಜನನ ಪತ್ರ ತರಿಸಿಕೊಳ್ಳುತ್ತಾನೆ. ಅದನ್ನಿಟ್ಟುಕೊಂಡು ಪಾಸ್‌ಪೋರ್ಟ್‌ಗೆ ಅರ್ಜಿ ಹಾಕುತ್ತಾನೆ. ಹುಟ್ಟಿದವರ ದಾಖಲೆ ಒಂದು ಕಡೆ, ಸತ್ತವರ ದಾಖಲೆ ಇನ್ನೊಂದು ಕಡೆ, ಎರಡನ್ನೂ ತಾಳೆ ನೋಡುವವರಿಲ್ಲ. ಆ ಸಂದಿಯಲ್ಲಿ ಅವನು ನುಸುಳುತ್ತಾನೆ. ಇದು ಸುಮ್ನೆ ಕಟ್ಟಿದ ಕಥೆಯಲ್ಲ, ಆಗ ಬ್ರಿಟನ್ನಿನಲ್ಲಿ ನಿಜಕ್ಕೂ ಇದ್ದ ತೂತು. ಮುಂದೆ ಆ ಮೋಸಕ್ಕೆ ಈ ಕಾದಂಬರಿಯ ಹೆಸರೇ ಅಂಟಿಕೊಂಡಿತು.

ಆಮೇಲೆ ಅವನ ಬೆನ್ನು ಹತ್ತುವವರು ಮಾಡುವುದೇನು? ಬಂದೂಕು ಹಿಡಿದು ಓಡುವುದಲ್ಲ. ಕೂತು ಪಾಸ್‌ಪೋರ್ಟ್ ಅರ್ಜಿಗಳನ್ನೂ ಮರಣ ದಾಖಲೆಗಳನ್ನೂ ಒಂದೊಂದಾಗಿ ತಾಳೆ ನೋಡುತ್ತಾರೆ. ಆ ಭಾಗ ಓದುವಾಗ ನಾನು ಕುರ್ಚಿಯ ತುದಿಗೆ ಬಂದು ಕೂತಿದ್ದೆ. ಕಡತ ತಿರುವುವ ಕೆಲಸವನ್ನು ಇಷ್ಟು ಮೈ ನವಿರೇಳುವಂತೆ ಬರೆದವರನ್ನು ನಾನು ಬೇರೆ ಕಂಡಿಲ್ಲ. ನನ್ನ ಸಹೋದ್ಯೋಗಿಗಳಿಗೆಲ್ಲ ಓದಿ ಅಂತ ಕೊಟ್ಟಿದ್ದೆ. ಅವರಲ್ಲಿ ಒಬ್ಬರು ಮಾತ್ರ ಕರಬೂಜ ಹಣ್ಣಿನ ದೃಶ್ಯವೇ ಮೇಲು ಅಂತ ಇವತ್ತಿಗೂ ವಾದ ಮಾಡುತ್ತಾರೆ. ಕಾಡಿನೊಳಗೆ ಹಣ್ಣೊಂದನ್ನು ನೇತುಹಾಕಿ ಹಂತಕ ತನ್ನ ಹೊಸ ಬಂದೂಕಿನ ಗುರಿ ಸರಿ ಮಾಡಿಕೊಳ್ಳುತ್ತಾನೆ. ಒಂದೊಂದೇ ಗುಂಡು, ಮಧ್ಯೆ ಮಧ್ಯೆ ತಿರುಪು ಬಿಗಿ ಮಾಡುವುದು. ಕೊನೆಗೆ ಸಿಡಿಯುವ ಗುಂಡು ಹಾಕಿ ಹೊಡೆದಾಗ ಹಣ್ಣು ಚೂರು ಚೂರು. ಮನುಷ್ಯನ ತಲೆಯ ಮಾತು ಆಡುವ ಅಗತ್ಯವೇ ಇಲ್ಲ, ನಮಗೇ ಅರ್ಥವಾಗುತ್ತದೆ. ದ ಗಾಲ್‌ಗೆ ಏನೂ ಆಗುವುದಿಲ್ಲ ಅಂತ ಗೊತ್ತಿದ್ದೂ ಎದೆ ಡವಗುಟ್ಟುತ್ತದೆ.

ಇನ್ನೂ ಮುಂದೆ ಹೋದವರು ರೂತ್ ರೆಂಡೆಲ್. 1977ರ 'ಎ ಜಡ್ಜ್‌ಮೆಂಟ್ ಇನ್ ಸ್ಟೋನ್' ಕಾದಂಬರಿಯ ಮೊದಲ ವಾಕ್ಯದಲ್ಲೇ ಕೊಂದವರು ಯಾರು, ಸತ್ತವರು ಯಾರು, ಕಾರಣ ಏನು ಎಲ್ಲವೂ ಇದೆ. ಮನೆಗೆಲಸಕ್ಕೆ ಬಂದ ಯೂನಿಸ್ ಆ ಮನೆಯವರನ್ನು ಕೊಲ್ಲುತ್ತಾಳೆ. ಯಾಕೆ? ಅವಳಿಗೆ ಓದು ಬರಹ ಬಾರದು. ಅಷ್ಟೇ. ಹೀಗೆ ಎಲ್ಲವನ್ನೂ ಬಿಚ್ಚಿಟ್ಟ ಮೇಲೆ ಉಳಿಯಿತೇನು ಅಂದುಕೊಂಡರೆ, ಉಳಿಯುವುದೇ ಭಯ. ಆ ಮನೆ ತುಂಬ ಪುಸ್ತಕ, ಪತ್ರ, ಪಟ್ಟಿ. ಯಜಮಾನಿ ಒಂದು ಚೀಟಿ ಬರೆದಿಟ್ಟು ಹೋಗುತ್ತಾಳೆ. ಬೇರೆ ಕಾದಂಬರಿಯಲ್ಲಾದರೆ ಆ ಚೀಟಿಯ ಮೇಲೆ ನಮ್ಮ ಕಣ್ಣು ನಿಲ್ಲುತ್ತಲೂ ಇರಲಿಲ್ಲ. ಇಲ್ಲಿ ಒಂದೊಂದು ಕಾಗದದ ಚೂರು ಕಂಡಾಗಲೂ, ಅಯ್ಯೋ ಅದನ್ನು ಅಲ್ಲಿಡಬೇಡಮ್ಮ ಅಂತ ಕೂಗಬೇಕು ಅನ್ನಿಸುತ್ತದೆ. ಓದು ಬಾರದ ಅವಮಾನವನ್ನು ಮುಚ್ಚಿಡಲು ಒಬ್ಬಳು ಪಡುವ ಪಾಡನ್ನು, ಓದು ಬಂದ ನಾವು ಕೂತು ಓದುತ್ತಿರುತ್ತೇವೆ. ಆ ಇರಿತ ಬೇರೆಯೇ.

ಮೇಜಿನ ಕೆಳಗೆ ಬಾಂಬ್ ಇದೆ ಅಂತ ನೋಡುವವರಿಗೆ ಮೊದಲೇ ಗೊತ್ತಿದ್ದರೇ ಆತಂಕ ಹೆಚ್ಚು ಅಂತ ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಹೇಳಿದ ಮಾತನ್ನು ನಾನಿಲ್ಲಿ ಬೆಳೆಸುವುದಿಲ್ಲ. ಎಲ್ಲರೂ ಹೇಳಿ ಹೇಳಿ ಅದು ಸವೆದುಹೋಗಿದೆ. ವಿಚಿತ್ರ ಅಂದರೆ, ಅದನ್ನು ಹೇಳುವವರೇ ಮರುಕ್ಷಣ ತಿರುವನ್ನು ಹೊಗಳಲು ಕೂರುತ್ತಾರೆ.

ತಿರುವು ಬೇಡವೇ ಬೇಡ ಅಂತ ನನ್ನ ವಾದವಲ್ಲ. ಕ್ರಿಸ್ಟಿಯವರ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' 1926ರಲ್ಲಿ ಬಂದಾಗ, ಇದು ಮೋಸ ಅಂತ ಕೆಲವರು ಗಲಾಟೆ ಮಾಡಿದ್ದರು. ಎರಡನೇ ಸಲ ಓದಿ ನೋಡಿ. ಎಲ್ಲವೂ ಕಣ್ಣೆದುರೇ ಇದೆ. ವೋಚರುಗಳೆಲ್ಲ ಫೈಲಿನಲ್ಲೇ ಇದ್ದವು, ನಾವೇ ಪುಟ ಮಗುಚಿಕೊಂಡು ಹೋಗಿದ್ದೆವು. ಗಿಲಿಯನ್ ಫ್ಲಿನ್ ಅವರ 2012ರ 'ಗಾನ್ ಗರ್ಲ್' ಕೂಡ ತಿರುವಿಗೇ ಹೆಸರಾಯಿತು. ಆದರೆ ಅದರ ದೊಡ್ಡ ತಿರುವು ಇರುವುದು ಕೊನೆಯಲ್ಲಲ್ಲ, ಹೆಚ್ಚೂ ಕಡಿಮೆ ಅರ್ಧದಲ್ಲಿ. ಅಲ್ಲಿಂದಾಚೆ ಗಂಡ ಹೆಂಡತಿ ಇಬ್ಬರ ಗುಟ್ಟೂ ತಿಳಿದುಕೊಂಡೇ ನಾವು ಓದುತ್ತೇವೆ. ಬೆನ್ನ ಹಿಂದೆ ಬಂದವರು ತಿರುವನ್ನು ಮಾತ್ರ ನಕಲು ಮಾಡಿದರು, ಅದು ಎಲ್ಲಿ ಕೂತಿತ್ತು ಅಂತ ನೋಡಲಿಲ್ಲ. ಅಲ್ಲಿಂದ ಶುರುವಾಯಿತು ನೋಡಿ, ನೆನಪು ಹೋದ ಹೆಂಗಸರ ಸಾಲು. ಕುಡಿದು ಏನನ್ನೋ ನೋಡಿದವಳು, ಮಾತ್ರೆ ನುಂಗಿ ಏನನ್ನೋ ಮರೆತವಳು. ಲೇಖಕರಿಗೆ ಬೇಕಾದಾಗ ಸರಿಯಾಗಿ ಆ ನೆನಪು ವಾಪಸ್ ಬರುತ್ತದೆ, ಮುಗಿಯಲು ಮೂವತ್ತು ಪುಟ ಇರುವಾಗ.

ಇನ್ನೊಂದು ಕಾಟ ಅಧ್ಯಾಯದ ಕೊನೆಯದು. 'ಬಾಗಿಲು ಕಿರ್ರೆಂದಿತು. ಅಲ್ಲಿ ನಿಂತಿದ್ದವರನ್ನು ಕಂಡು ಅವಳ ರಕ್ತ ಹೆಪ್ಪುಗಟ್ಟಿತು.' ಪುಟ ತಿರುಗಿಸಿದರೆ ಅದು ಪಕ್ಕದ ಮನೆಯವರು, ಕೊಡೆ ವಾಪಸ್ ಕೊಡಲು ಬಂದಿದ್ದಾರೆ. ಹೀಗೆ ಒಂದು ಸಲ ಮಾಡಿದರೆ ನಗಬಹುದು. ನಾಲ್ಕನೇ ಸಲ ಬಾಗಿಲು ಕಿರ್ರೆಂದಾಗ ನಿಜವಾದ ಕೊಲೆಗಾರ ಬಂದರೂ ನಾನು ಕದಲುವುದಿಲ್ಲ. ಧಾರಾವಾಹಿಯ ಕಾಲದಲ್ಲಿ ಇದಕ್ಕೊಂದು ಕಾರಣವಿತ್ತು. ವಿಲ್ಕಿ ಕಾಲಿನ್ಸ್ ಅವರ 'ದಿ ವುಮನ್ ಇನ್ ವೈಟ್' 1859ರಿಂದ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಕಂತು ಕಂತಾಗಿ ಬಂತು. ಮುಂದಿನ ವಾರ ಜನ ಪತ್ರಿಕೆ ಕೊಳ್ಳಬೇಕಿತ್ತು. ಇಡೀ ಪುಸ್ತಕ ಕೈಯಲ್ಲೇ ಇರುವ ನನ್ನನ್ನು ಎರಡೆರಡು ಪುಟಕ್ಕೊಮ್ಮೆ ಯಾಕೆ ಬೆಚ್ಚಿಬೀಳಿಸಬೇಕು?

ಮೊಬೈಲ್ ಬಂದ ಮೇಲೆ ಬರೆಯುವವರ ಕಷ್ಟ ಹೆಚ್ಚಿದೆ, ಅದು ನನಗೆ ಅರ್ಥವಾಗುತ್ತದೆ. ಆದರೆ ಅಪಾಯ ಬಂದಾಗಲೇ ನೆಟ್‌ವರ್ಕ್ ಹೋಗುವುದು, ಇಲ್ಲವೇ ಬ್ಯಾಟರಿ ಮುಗಿಯುವುದು, ಎಷ್ಟು ಪುಸ್ತಕದಲ್ಲಿ ಅಂತ ಸಹಿಸುವುದು? ಒಳ್ಳೆಯ ಲೇಖಕರಾದರೆ ಫೋನನ್ನು ಕೈಯಲ್ಲೇ ಇಟ್ಟು, ಚಾರ್ಜ್ ಪೂರ್ತಿ ಕೊಟ್ಟು, ಆದರೂ ಆ ಹುಡುಗಿ ಯಾರಿಗೂ ಫೋನ್ ಮಾಡಲಾಗದಂಥ ಸ್ಥಿತಿ ತರುತ್ತಾರೆ. ಅದಕ್ಕೆ ತಲೆ ಬೇಕು. ಹಾಗೆಯೇ ಕೊನೆಯಲ್ಲಿ ಕೊಲೆಗಾರ ಪಿಸ್ತೂಲು ಹಿಡಿದುಕೊಂಡು ಆರು ಪುಟ ಭಾಷಣ ಮಾಡುವುದು. ಹೊಡೆಯುವುದಾದರೆ ಹೊಡಿಯಪ್ಪ.

ಥ್ರಿಲ್ಲರ್ ಓದಿದರೆ ಮನಸ್ಸು ಕೆಡುತ್ತದೆ ಅಂತಲೂ ಕೆಲವರು ನಿಮಗೆ ಬರೆಯುತ್ತಿರುತ್ತಾರೆ. ಅವರು ಪೆಟ್ರೀಶಿಯಾ ಹೈಸ್ಮಿತ್ ಅವರ 1955ರ 'ದಿ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲಿ' ಓದಲಿ. ಗೆಳೆಯನನ್ನೇ ಕೊಂದು, ಅವನ ಬಟ್ಟೆ ತೊಟ್ಟು, ಅವನ ಸಹಿ ಹಾಕಿ ಬದುಕುವ ರಿಪ್ಲಿ ಎಲ್ಲಿ ಸಿಕ್ಕಿಬೀಳುತ್ತಾನೋ ಅಂತ ನಮಗೇ ಕಳವಳವಾಗುತ್ತದೆ. ಪೊಲೀಸರು ಬಾಗಿಲು ಬಡಿದರೆ ನಮ್ಮ ಕೈ ಬೆವರುತ್ತದೆ. ಸಹಿ ಫೋರ್ಜರಿ ಹಿಡಿಯುವುದೇ ನನ್ನ ಕಸುಬಾಗಿತ್ತು, ಆದರೂ ಬ್ಯಾಂಕಿನವರು ಅವನನ್ನು ಬಿಟ್ಟುಬಿಡಲಿ ಅಂತ ಹಾರೈಸಿದೆ! ನೀತಿ ಪಾಠ ಓದಿದಾಗ ನನ್ನೊಳಗೆ ಇಂಥದ್ದೊಂದು ಇದೆ ಅಂತ ತಿಳಿದಿರಲಿಲ್ಲ. ಇಷ್ಟೆಲ್ಲ ಮಾಡಬಲ್ಲ ಬರವಣಿಗೆಯನ್ನು 'ಟೈಂಪಾಸ್' ಅಂತ ಬದಿಗೆ ತಳ್ಳುವವರ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ.

ಈಗ ನನ್ನ ಕೋರಿಕೆ. ದಯವಿಟ್ಟು ನಿಮ್ಮ ವಿಮರ್ಶಕರಿಗೆ 'ಊಹಿಸಲಾಗದ ತಿರುವು' ಅನ್ನುವ ಮಾತನ್ನು ಬಿಡಲು ಹೇಳಿ. ತಿರುವು ಇದೆ ಅಂತ ಹೇಳಿದರೆ ಅರ್ಧ ಗುಟ್ಟು ಒಡೆದ ಹಾಗೆಯೇ. ಆಮೇಲೆ ನಾನು ಕಥೆ ಓದುವುದಿಲ್ಲ, ಪ್ರತಿ ಪಾತ್ರದ ಮುಖ ನೋಡುತ್ತಾ ನೀನಾ, ನೀನಾ ಅಂತ ಕೇಳುತ್ತಾ ಹೋಗುತ್ತೇನೆ. ಬದಲಿಗೆ ಪುಸ್ತಕದ ನಡುವಿನ ನೂರು ಪುಟ ಹೇಗಿವೆ ಅಂತ ಬರೆಯಲಿ. ಪಾತ್ರಗಳಿಗೆ ಒಂದು ಉದ್ಯೋಗ, ಒಂದು ಸಾಲ, ಒಂದು ಹೆದರಿಕೆ ಇದೆಯಾ ಅಥವಾ ಎಲ್ಲರೂ ಕೊಲೆಯಾಗುವುದಕ್ಕೇ ಹುಟ್ಟಿದವರಾ ಅಂತ ಹೇಳಲಿ. ಎರಡನೇ ಸಲ ಓದಿದರೆ ನಿಲ್ಲುತ್ತದೆಯಾ ಅಂತಲೂ ನೋಡಲಿ. ವಿಮರ್ಶೆ ಒಂದು ವಾರ ತಡವಾದರೂ ಪರವಾಗಿಲ್ಲ, ನಾವು ಕಾಯುತ್ತೇವೆ.

ಹಾಗೇ ಇನ್ನೊಂದು. ನೀವು ವಿಮರ್ಶೆ ಮಾಡಿದ ಪುಸ್ತಕ ಅನುವಾದ. ಮೂಲ ಲೇಖಕರ ಬಗ್ಗೆ ಇಡೀ ಒಂದು ಪ್ಯಾರಾ ಇತ್ತು, ಅನುವಾದಕರ ಹೆಸರು ಎಲ್ಲೂ ಇರಲಿಲ್ಲ. ಅವಳಿ ತಮ್ಮನನ್ನು ತಂದಿದ್ದು ಅವರ ತಪ್ಪಲ್ಲ. ಭಾಷೆಯಂತೂ ಚೆನ್ನಾಗಿಯೇ ಇತ್ತು. ಮುಂದಿನ ಭಾನುವಾರ ಒಂದು ಸಾಲಿನಲ್ಲಾದರೂ ಅವರ ಹೆಸರು ಹಾಕಿ.

ಇತಿ ನಮಸ್ಕಾರಗಳೊಂದಿಗೆ,
ನಿವೃತ್ತ ಲೆಕ್ಕ ಪರಿಶೋಧಕಿ