ಪುಸ್ತಕ ಹೇಳಿಕೊಟ್ಟ ಹಾಸನದ ಲೈಬ್ರರಿ ಗೆಳೆಯರಿಗೆ

ನಮ್ಮ ಅತ್ತೆ ಈಗ ಗೋಡೆ ಹಿಡಿಯದೆ ಅಡುಗೆಮನೆಯಿಂದ ಜಗಲಿವರೆಗೆ ನಡೆಯುತ್ತಾರೆ. ಮಾತೂ ಬಹಳ ಮಟ್ಟಿಗೆ ಬಂದಿದೆ. ಡಾಕ್ಟರಿಗೆ, ಫಿಸಿಯೋಥೆರಪಿ ಮಾಡಿಸಿದ ಹುಡುಗನಿಗೆ, ನನ್ನ ನಾದಿನಿಗೆ ಎದುರಲ್ಲೇ ಥ್ಯಾಂಕ್ಸ್ ಹೇಳಿದ್ದಾಯಿತು. ಉಳಿದವರು ನೀವು. ಲೈಬ್ರರಿಯಲ್ಲಿ ಸಂಜೆ ಹೊತ್ತು ಸಿಗುವ ನಿಮ್ಮಲ್ಲಿ ಅರ್ಧ ಜನರ ಹೆಸರು ನನಗೆ ಗೊತ್ತಿಲ್ಲ. ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಸ್ಟ್ರೋಕ್ ಆದಾಗ ಅತ್ತೆಗೆ ಬಲಗೈ, ಬಲಗಾಲು, ಮಾತು ಮೂರೂ ಹೋದವು. ನಾವು ಹೇಳಿದ್ದು ಅರ್ಥವಾಗುತ್ತಿತ್ತು, ಉತ್ತರ ಕೊಡಲು ಪದ ಸಿಗುತ್ತಿರಲಿಲ್ಲ. ಜೊತೆಗೆ ಮಾತಾಡುತ್ತಾ ಇರಿ, ಸುಮ್ನೆ ಮಲಗಲು ಬಿಡಬೇಡಿ ಅಂತ ಡಾಕ್ಟರ್ ಹೇಳಿದರು. ದಿನವಿಡೀ ಒಬ್ಬಳೇ ಏನಂತ ಮಾತಾಡುವುದು? ಊಟ, ಮಾತ್ರೆ, ಮಳೆ ಇಷ್ಟು ಆದ ಮೇಲೆ ನನ್ನ ಹತ್ತಿರ ಏನೂ ಉಳಿಯುತ್ತಿರಲಿಲ್ಲ. ಸಂಜೆ ನಾದಿನಿ ಬಂದು ಕೂತಾಗ ನನಗೆ ಸ್ವಲ್ಪ ಬಿಡುವು ಸಿಗುತ್ತಿತ್ತು. ಆಗ ಲೈಬ್ರರಿಗೆ ಬರತೊಡಗಿದೆ. ಓದಿ ಹೇಳಲು ಏನಾದರೂ ಬೇಕು ಅಂತ ಪೇಪರ್ ಓದುವ ಟೇಬಲ್ಲಿನವರನ್ನು ಕೇಳಿದೆ.

ನೀವು ಯಾರೂ ಕಾಯಿಲೆಯವರಿಗೆ ಅಂತ ಪುಸ್ತಕ ಹುಡುಕಲಿಲ್ಲ. ಧೈರ್ಯ ಹೇಳುವ ಪುಸ್ತಕ ತಂದು ಕೊಡಲಿಲ್ಲ. ನಿಮಗೆ ಯಾವುದು ಇಷ್ಟವೋ ಅದನ್ನೇ ಕೈಗಿಟ್ಟಿರಿ. ಒಬ್ಬರದು ಕಾದಂಬರಿ, ಒಬ್ಬರದು ಆತ್ಮಕಥೆ, ಇನ್ನೊಬ್ಬರದು ಗಿಡಮರದ ಪುಸ್ತಕ. ನಮ್ಮನ್ನು ಕಾಪಾಡಿದ್ದು ಈ ಬೆರಕೆಯೇ.

ಮೊದಲು ಕೊಟ್ಟವರು ನಿವೃತ್ತ ಮೇಷ್ಟ್ರು. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’. ಅತ್ತೆಯ ತವರು ಹೇಮಾವತಿಯ ಆ ಕಡೆಯೇ. ಚಿಕ್ಕ ಚಿಕ್ಕ ಬರಹಗಳಾದ್ದರಿಂದ ಅವರಿಗೆ ಸುಸ್ತಾಗುವ ಮೊದಲೇ ಒಂದು ಮುಗಿಯುತ್ತಿತ್ತು. ಮನೆಯಲ್ಲಿ ಯಾರಿಗಾದರೂ ಓದಿ ಹೇಳುವುದಿದ್ದರೆ ಇಲ್ಲಿಂದಲೇ ಶುರು ಮಾಡಿ ಅಂತ ನಾನೂ ಹೇಳುತ್ತೇನೆ.

ಆಮೇಲೆ ಬ್ಯಾಂಕಿನಲ್ಲಿದ್ದ ಸರ್ ಕೊಟ್ಟದ್ದು ಬಿ.ಜಿ.ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’. ಸ್ವಾಮಿ ಡಿವಿಜಿಯವರ ಮಗ, ಮದ್ರಾಸಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರಾಗಿದ್ದವರು. ನಾವು ದಿನಾ ತಿನ್ನುವ ಮೆಣಸಿನಕಾಯಿ, ಆಲೂಗಡ್ಡೆ ಎಲ್ಲ ಸಮುದ್ರ ದಾಟಿ ಬಂದವು ಅನ್ನುವುದನ್ನು ಎದುರು ಕೂತು ಹೇಳಿದ ಹಾಗೆ ಬರೆದಿದ್ದಾರೆ. ನಿಜ ಹೇಳಬೇಕೆಂದರೆ ಅತ್ತೆಗೆ ಇದು ಹಿಡಿಸುತ್ತೆ ಅಂತ ನನಗೆ ನಂಬಿಕೆ ಇರಲಿಲ್ಲ. ಆದರೆ ಅವರು ಆಲೂಗಡ್ಡೆ ಬೆಳೆದ ಮನೆಯವರು. ಆಲೂಗಡ್ಡೆ ನಮ್ಮ ದೇಶದ್ದಲ್ಲ ಅಂತ ಓದಿದ ಕೂಡಲೇ ಎಡಗೈ ಎತ್ತಿ ನನ್ನನ್ನು ನಿಲ್ಲಿಸಿದರು. ತುಂಬಾ ಹೊತ್ತು ಒದ್ದಾಡಿ ‘ಬೀಜ… ಜಲಂಧರ್’ ಅಂದರು.

ಹಾಸನದವರಿಗೆ ಬಿಡಿಸಿ ಹೇಳಬೇಕಿಲ್ಲ. ಬಿತ್ತನೆ ಆಲೂಗಡ್ಡೆ ಪಂಜಾಬಿನ ಜಲಂಧರ್‌ನಿಂದ ಲಾರಿಗಳಲ್ಲಿ ನಮ್ಮ ಎಪಿಎಂಸಿಗೆ ಬರುತ್ತದೆ. ಮೊದಲ ಮಳೆ ಬೀಳುವ ಹೊತ್ತಿಗೆ ಅಲ್ಲಿ ಜನವೋ ಜನ. ಅತ್ತೆ ನನ್ನನ್ನು ತಿದ್ದುತ್ತಿದ್ದರು. ಕಾಯಿಲೆ ಬಿದ್ದ ಮೇಲೆ ಅವರಾಗಿಯೇ ಒಂದು ವಿಷಯ ಎತ್ತಿದ್ದು ಅದೇ ಮೊದಲು. ಮುಂದಿನ ದಿನಗಳಲ್ಲಿ ಅಂಗಮಾರಿ ರೋಗ ಬಂದು ಹೊಲ ಕಪ್ಪಾದ ವರ್ಷದ ಕತೆ ತುಂಡು ತುಂಡಾಗಿ ಬಂತು. ಗೆಡ್ಡೆ ಕೊಳೆತ ವಾಸನೆ, ಬೀಜದ ಸಾಲ, ಮಾವನವರು ಊಟ ಬಿಟ್ಟದ್ದು. ಈ ಮನೆಗೆ ಬಂದು ಇಷ್ಟು ಕಾಲವಾದರೂ ಅದನ್ನು ನಾನು ಕೇಳಿರಲಿಲ್ಲ.

ಆಗ ನನಗೆ ಒಂದು ವಿಷಯ ಹೊಳೆಯಿತು. ಕಾದಂಬರಿ ಓದುವಾಗ ಅತ್ತೆ ಕೇಳುತ್ತಿದ್ದರು. ಇಂಥ ಪುಸ್ತಕ ಓದುವಾಗ ಎದುರು ಮಾತಾಡುತ್ತಿದ್ದರು. ಕತೆಯಲ್ಲಿ ಆಗುವುದನ್ನು ಸುಳ್ಳು ಅನ್ನಲು ಬರುವುದಿಲ್ಲ. ಬೆಳೆ, ಅಡುಗೆ, ಹಕ್ಕಿ ಅಂದರೆ ಪ್ರತಿಯೊಬ್ಬರಿಗೂ ತಮ್ಮದೊಂದು ಮಾತು ಇದ್ದೇ ಇರುತ್ತದೆ, ಅಲ್ವಾ?

ಹಾಗಂತ ಕತೆ ಬಿಟ್ಟಿದ್ದರೆ ನಾನು ಉಳಿಯುತ್ತಿರಲಿಲ್ಲ. ನನಗಾಗಿ ಒಯ್ದದ್ದು ‘ಕರ್ವಾಲೊ’. ರಾತ್ರಿ ಎಲ್ಲರೂ ಮಲಗಿದ ಮೇಲೆ ತೇಜಸ್ವಿಯವರ ಜೊತೆ ಹಾರುವ ಓತಿ ಹುಡುಕುತ್ತಾ ಕಾಡು ಸುತ್ತಿದೆ. ಕೆಎಎಸ್‌ಗೆ ಓದುವ ಹುಡುಗಿ ‘ಅಕ್ಕಾ, ಇದನ್ನ ಓದಲೇಬೇಕು’ ಅಂತ ಸಿದ್ದಲಿಂಗಯ್ಯನವರ ‘ಊರುಕೇರಿ’ ಕೊಟ್ಟಳು. ಹೆಗಲ ಮೇಲೆ ನೊಗ ಹೊತ್ತು ಎತ್ತಿನ ಹಾಗೆ ಎಳೆಯುವ ಅಪ್ಪನನ್ನು ಪುಟ್ಟ ಮಗ ನೋಡುವ ಪುಟ ಮರೆಯಲಾಗದು. ಅಂಥ ಬದುಕನ್ನು ಇಷ್ಟು ನಗಿಸುತ್ತಾ ಹೇಳುವುದು ದೊಡ್ಡ ಮನಸ್ಸಿನವರಿಗೆ ಮಾತ್ರ ಸಾಧ್ಯ. ಆ ಹುಡುಗಿಗೆ ಪರೀಕ್ಷೆಯಲ್ಲಿ ಒಳ್ಳೆಯದಾಗಲಿ.

2025ರ ಮೇ ತಿಂಗಳಲ್ಲಿ ನಮ್ಮೂರಿನ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂತು. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’, ಕನ್ನಡಕ್ಕೆ ಸಿಕ್ಕ ಮೊದಲ ಬೂಕರ್. ಆಗ ಎಲ್ಲರೂ ಅವರ ಪುಸ್ತಕ ಕೇಳುವವರೇ. ‘ಹಸೀನಾ ಮತ್ತು ಇತರ ಕತೆಗಳು’ ಮೊದಲು ತನ್ನ ಕೈಗೆ ಬಂದರೂ, ಮನೆಯಲ್ಲಿ ಅತ್ತೆ ಕಾಯುತ್ತಾರೆ ಅಂತ ನನಗೆ ಬಿಟ್ಟುಕೊಟ್ಟ ತಾಯಿಗೆ ಇಲ್ಲಿಂದಲೇ ನಮಸ್ಕಾರ. ಆ ಕತೆಗಳ ಹೆಂಗಸರು ನಮ್ಮ ಪಕ್ಕದ ಬೀದಿಯವರೇ. ಪ್ರಶಸ್ತಿ ಬಂದದ್ದಕ್ಕಲ್ಲ, ಅದಕ್ಕಾಗಿ ಓದಿ.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಭೈರಪ್ಪನವರು ತೀರಿಕೊಂಡರು. ಸಂತೇಶಿವರ ನಮ್ಮ ಜಿಲ್ಲೆಯದೇ. ‘ಗೃಹಭಂಗ’ ತಗೊಂಡಾಗ ನಿಮ್ಮಲ್ಲಿ ಇಬ್ಬರು ಬೇಡ ಅಂದಿರಿ, ರೋಗಿಯ ಮುಂದೆ ಇಷ್ಟು ಸಾವು ಓದಬಾರದು ಅಂತ. ನಿಮ್ಮ ಕಾಳಜಿ ದೊಡ್ಡದು. ಆದರೆ ಅತ್ತೆ ನಂಜಮ್ಮನನ್ನು ಬಿಡಲೇ ಇಲ್ಲ. ಎಲೆ ಹಚ್ಚಿ, ಗಂಡ ಬರೆಯಬೇಕಾದ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು ಮಕ್ಕಳನ್ನು ಸಾಕಿದವಳು. ಪ್ಲೇಗು ಬಂದಾಗ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡದ್ದನ್ನು ಅತ್ತೆಗೆ ಅವರ ಅಮ್ಮ ಹೇಳಿದ್ದರಂತೆ. ಇಬ್ಬರೂ ಅತ್ತೆವು. ಆ ಅಳು ಬೇಕಾಗಿತ್ತು.

ಗ್ರಂಥಪಾಲಕರಿಗೂ ಒಂದು ಮಾತು. ದಿನಾಂಕ ದಾಟುವ ಮೊದಲೇ ನೆನಪಿಸಿ ನವೀಕರಿಸಿ ಕೊಡುತ್ತಿದ್ದಿರಿ. ಮನೆಯಲ್ಲಿ ರೋಗಿ ಇರುವವರಿಗೆ ಅದು ಸಣ್ಣ ಉಪಕಾರವಲ್ಲ. ನಿಮ್ಮೆಲ್ಲರಲ್ಲಿ ಕೇಳಿಕೊಳ್ಳುವುದು ಇಷ್ಟೇ. ರ್‍ಯಾಕ್ ಮುಂದೆ ಯಾರಾದರೂ ಏನು ತಗೊಳ್ಳಲಿ ಅಂತ ನಿಂತಿದ್ದರೆ, ಅವರು ಕೇಳದಿದ್ದರೂ ನಿಮಗೆ ಇಷ್ಟವಾದದ್ದನ್ನು ಹೇಳಿ.

ಈಗ ‘ಅಮೆರಿಕಾದಲ್ಲಿ ಗೊರೂರು’ ಮುಗಿಯುತ್ತಾ ಬಂದಿದೆ. ಅತ್ತೆಗೆ ಇನ್ನೂ ಪ್ರವಾಸದ ಪುಸ್ತಕಗಳೇ ಬೇಕಂತೆ, ಅದರಲ್ಲೂ ಹೆಂಗಸರು ಬರೆದದ್ದು. ಯಾರಿಗಾದರೂ ಗೊತ್ತಿದ್ದರೆ ಸಂಜೆ ಸಿಕ್ಕಾಗ ಹೇಳಿ. ಅಕ್ಷರ ಸ್ವಲ್ಪ ದಪ್ಪ ಇದ್ದರೆ ಒಳ್ಳೆಯದು. ದಿನಾ ಅರ್ಧ ಪುಟ ಅವರೇ ಓದುತ್ತಾರೆ.