ಕ್ಯಾಶ್ ಟ್ಯಾಲಿ ಆಗದ ಸಂಜೆ

ಪ್ರೀತಿಯ ಪುಟ್ಟಿಗೆ, ದೊಡ್ಡಪ್ಪನ ಆಶೀರ್ವಾದಗಳು.

ನೀನು ಬ್ರಾಂಚ್ ಮ್ಯಾನೇಜರ್ ಆದ ಸುದ್ದಿ ಕೇಳಿ ತುಂಬಾ ಖುಷಿಯಾಯಿತು. ಸಿಬ್ಬಂದಿ ನೆಮ್ಮದಿಯಿಂದ ಕೆಲಸ ಮಾಡಬೇಕಾದರೆ ನಾನೇನು ಮಾಡಬೇಕು ಅಂತ ಕೇಳಿದ್ದೀಯ. ನನಗೆ ಅದನ್ನು ಕಲಿಸಿದ್ದು ಒಂದು ಸಂಜೆ.

ಆಗ ನಾನು ಹೊಸ ಕ್ಯಾಷಿಯರ್. ಕೌಂಟರ್ ಮುಚ್ಚಿದ ಮೇಲೆ ಕ್ಯಾಶ್ ಟ್ಯಾಲಿ ಆಗಲಿಲ್ಲ. ನಾಲ್ಕು ಸಲ ಎಣಿಸಿದೆ. ಕೈ ನಡುಗುತ್ತಿತ್ತು. ಮ್ಯಾನೇಜರ್ ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತು, "ನೀನು ನೋಟು ಎಣಿಸು, ನಾನು ವೋಚರ್ ನೋಡ್ತೀನಿ" ಅಂದರು. ವ್ಯತ್ಯಾಸದ ಮೊತ್ತ ಒಂಬತ್ತರಿಂದ ಸರಿಯಾಗಿ ಭಾಗವಾದರೆ ಬರೆಯುವಾಗ ಅಂಕಿ ಹಿಂದುಮುಂದಾಗಿರಬಹುದು (54ರ ಬದಲು 45 ಅಂತ), ಮೊದಲು ಅದನ್ನು ಹುಡುಕು ಅಂತ ಹೇಳಿಕೊಟ್ಟರು. ಹಾಗೇ ಆಗಿತ್ತು. ಮಾರನೇ ದಿನ ಅವರು ಆ ಮಾತೇ ಎತ್ತಲಿಲ್ಲ. ಅಲ್ಲಿಂದಾಚೆಗೆ ತಪ್ಪಾದರೆ ನಾನು ಮೊದಲು ಓಡುತ್ತಿದ್ದದ್ದು ಅವರ ಹತ್ತಿರವೇ. ಹೆದರಿ ಮುಚ್ಚಿಟ್ಟಿದ್ದರೆ ಆಡಿಟ್ ಹೊತ್ತಿಗೆ ಏನಾಗಿರುತ್ತಿತ್ತೋ!

ಒಂದೇ ಬ್ಯಾಂಕು, ಒಂದೇ ಸಂಬಳ. ಆದರೂ ಒಂದು ಶಾಖೆ ಬಿಟ್ಟು ಹೋಗಲು ಯಾರಿಗೂ ಮನಸ್ಸಿಲ್ಲ, ಇನ್ನೊಂದರಿಂದ ಎಲ್ಲರೂ ವರ್ಗಾವಣೆ ಕೇಳುತ್ತಾರೆ. ಎರಡನ್ನೂ ನಾನು ಕಣ್ಣಾರೆ ನೋಡಿದ್ದೇನೆ.

ನಮ್ಮ ಮ್ಯಾನೇಜರ್ ಮಾಡಿದ್ದಕ್ಕೆ ಸರ್ವೆಂಟ್ ಲೀಡರ್‌ಶಿಪ್, ಅಂದರೆ ಸೇವೆ ಮಾಡುತ್ತಲೇ ಮುನ್ನಡೆಸುವುದು, ಅನ್ನುತ್ತಾರೆ. ಆ ಹೆಸರು ಕೊಟ್ಟವರು ಅಮೆರಿಕದ ರಾಬರ್ಟ್ ಗ್ರೀನ್‌ಲೀಫ್, 1970ರಲ್ಲಿ. ಅವರ ಅಳತೆಗೋಲು ನನಗೆ ಬಹಳ ಇಷ್ಟ. ನಿನ್ನ ಕೈಕೆಳಗಿನವರು ಬೆಳೆಯುತ್ತಿದ್ದಾರಾ? ತಾವೇ ನಿರ್ಧಾರ ಮಾಡುವ ಧೈರ್ಯ ಅವರಿಗೆ ಬರುತ್ತಿದೆಯಾ?

ನಿನಗೆ ಜಾಸ್ತಿ ಕಷ್ಟ ಕೊಡುವುದು ಟಾರ್ಗೆಟ್. ಮೇಲಿನವರು ನಿನ್ನ ಮೇಲೆ ಹಾಕಿದ ಒತ್ತಡವನ್ನು ಹಾಗೇ ಕೆಳಗೆ ದಾಟಿಸಬೇಡ. ಯಾರು ಹಿಂದೆ ಬಿದ್ದಿದ್ದಾರೆ ಅಂತ ವಾಟ್ಸಾಪ್ ಗ್ರೂಪ್‌ನಲ್ಲಿ ಹಾಕಲೇಬೇಡ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನ ಕಥೆ ನಿನಗೆ ಗೊತ್ತು, ಅಲ್ವಾ? ಟಾರ್ಗೆಟ್ ಮುಟ್ಟಲು ನೌಕರರು ಗ್ರಾಹಕರಿಗೆ ಗೊತ್ತಿಲ್ಲದೆ ಲಕ್ಷಾಂತರ ಖಾತೆ ತೆರೆದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಸುಮಾರು 5,300 ಜನರ ಕೆಲಸವೂ ಹೋಯಿತು. ಆಗದ ಟಾರ್ಗೆಟ್ ಆದರೆ ಆಗಲ್ಲ ಅಂತ ಮೇಲಿನವರಿಗೆ ನೀನೇ ಹೇಳು. ಆ ಮಾತು ಕ್ಲರ್ಕ್ ಬಾಯಲ್ಲಿ ನಡೆಯಲ್ಲ, ನಿನ್ನ ಬಾಯಲ್ಲಿ ನಡೆಯುತ್ತದೆ.

ಹಾಗಂತ ಸಿಬ್ಬಂದಿ ಮೇಲಿನ ಪ್ರೀತಿಗೆ ವೋಚರ್ ನೋಡದೆ ಪಾಸ್ ಮಾಡಬೇಡ. ಪಾಸ್‌ವರ್ಡ್ ಯಾರಿಗೂ ಕೊಡಬೇಡ. ಸರಿಯಾಗಿ ಪರಿಶೀಲಿಸಿದರೆ ನಾಳೆ ಅವರ ತಲೆಯೂ ಉಳಿಯುತ್ತದೆ.

ನಾಳೆ ಸಂಜೆ ನಿನ್ನ ಹೊಸ ಕ್ಯಾಷಿಯರ್ ಪಕ್ಕ ಸುಮ್ನೆ ಹತ್ತು ನಿಮಿಷ ಕೂತುಕೋ. ಏನು ಕಂಡಿತು ಅಂತ ನನಗೆ ಬರೆ.

ಇಂತಿ,
ನಿನ್ನ ದೊಡ್ಡಪ್ಪ